ಸ್ಪಾಕನ ಪರವಾಗಿ ನಾಲ್ಕು ಮಾತು

ಕಳೆದ ರಾಜ್ಯೋತ್ಸವದ ಮಕ್ಕಳ ಭಾಷಣ ಸ್ಪರ್ಧೆಯಲ್ಲಿ ನಡೆದ ಒಂದು ಸಂಗತಿಯ ಬಗ್ಗೆ ಸದಸ್ಯರಲ್ಲಿ ಯಾರಾದರೂ ಈ ಪುಟಗಳಿಗೆ ಬರೆದಾರು ಎಂದು ಮೂರು ತಿಂಗಳು ಕಾದೆವು. ಯಾರೂ ಬರೆಯಲಿಲ್ಲ. ಆದ್ದರಿಂದ ನಾವೇ ಬರೆಯಬೇಕಾಗಿದೆ.

ಸ್ಪರ್ಧೆಗೆ ಕೊಟ್ಟಿದ್ದ ವಿಷಯ 'ನನ್ನ ಮೆಚ್ಚಿನ ವ್ಯಕ್ತಿ'. ಹೆಸರು ಕೊಟ್ಟಿದ್ದ ಮಕ್ಕಳು ಹನ್ನೊಂದು. ಮೊದಲ ಆರು ಮಕ್ಕಳೂ ಸರ್ ಎಂ. ವಿಶ್ವೇಶ್ವರಯ್ಯನವರನ್ನೇ ಆರಿಸಿಕೊಂಡಿದ್ದರು. ಆರಿಸಿದವರು ಮಕ್ಕಳಲ್ಲ, ಅವರ ತಂದೆತಾಯಂದಿರು ಎಂಬುದು ಎರಡನೆಯ ವಾಕ್ಯಕ್ಕೇ ಗೊತ್ತಾಗುತ್ತಿತ್ತು. ಏಳನೆಯವಳಾಗಿ ಬಂದ ಹದಿಮೂರು ವರ್ಷದ ಹುಡುಗಿ ಕೈಯಲ್ಲಿ ಚೀಟಿಯಿಲ್ಲದೆ ನಿಂತು, "ನನ್ನ ಮೆಚ್ಚಿನ ವ್ಯಕ್ತಿ ಸ್ಪಾಕ್" ಎಂದಳು. ಸಭೆಯಲ್ಲಿ ಸಣ್ಣ ನಗು ಎದ್ದಿತು. "ಯಾರಮ್ಮಾ ಅವನು?" ಎಂದು ಮುಂದಿನ ಸಾಲಿನಿಂದ ಒಬ್ಬರು ಕೇಳಿದರು. "ಸ್ಟಾರ್ ಟ್ರೆಕ್ ಧಾರಾವಾಹಿ ಒಳಗಿನವ್ರಿ" ಎಂದಳು ಹುಡುಗಿ. "ಅವನ ಆಯಿ ಭೂಮಿಯಾಕಿ. ಅಪ್ಪ ಬ್ಯಾರೆ ಗ್ರಹದಾವ. ಎರಡೂ ಕಡೆಯವರು ಅವನಿಗೆ, ನೀ ಬರೋಬರ್ ಇಲ್ಲ ಅಂತಾರ." ಈ ಸಲ ನಗು ಜೋರಾಯಿತು.

ತೀರ್ಪುಗಾರರಲ್ಲಿ ಒಬ್ಬ ಹಿರಿಯರು ಗಂಟೆ ಬಾರಿಸಿ, "ಅರ್ಧ ಮರಾಠಿ, ಅರ್ಧ ಕನ್ನಡ, ವಿಷಯ ನೋಡಿದರೆ ಪೂರ್ತಿ ಅಮೆರಿಕ!" ಎಂದರು. ಚಪ್ಪಾಳೆಯೂ ಬಿತ್ತು. ನಕ್ಕವರಲ್ಲಿ ನಾವೂ ಇದ್ದೆವು; ಇದನ್ನು ಮುಚ್ಚಿಟ್ಟು ಮುಂದಿನ ಮಾತು ಬರೆಯುವ ಹಕ್ಕು ನಮಗಿಲ್ಲ. ಹುಡುಗಿ ವೇದಿಕೆಯಿಂದ ಇಳಿದು ಹೋದಳು. ಅಂದಿನಿಂದ ಭಾನುವಾರದ ಕನ್ನಡ ತರಗತಿಗೂ ಬಂದಿಲ್ಲ. ಅವಳ ತಂದೆಯ ಕಡೆಯವರು ಗದಗಿನವರು, ತಾಯಿ ಸಾತಾರದವರು. ಅಜ್ಜ ನೌಕರಿಗಾಗಿ ಈ ಪುಣೆಗೆ ಬಂದು ನೆಲೆಸಿ, ನಮ್ಮ ಸಂಘಕ್ಕೆ ವರ್ಷ ತಪ್ಪದೆ ವಂತಿಗೆ ಕೊಟ್ಟವರು. 'ಅರ್ಧ' ಎಂಬ ಆ ಮಾತು ಭಾಷಣಕ್ಕೆ ಮಾತ್ರ ತಗುಲಲಿಲ್ಲ, ಆ ಮನೆಗೇ ತಗುಲಿತು ಎಂಬುದು ನಮಗೆ ಮನೆಗೆ ಹೋದ ಮೇಲೆ ಹೊಳೆಯಿತು.

ಆ ಹುಡುಗಿ ಹೇಳಬೇಕೆಂದಿದ್ದ ಮಾತನ್ನು ನಾವು ಕೇಳಲಿಲ್ಲ. ಅವಳ ಅಜ್ಜನ ಬಳಿ ಹೋಗಿ ಕೇಳಿಕೊಂಡು ಬಂದೆವು. ಆ ಧಾರಾವಾಹಿಯನ್ನೂ ಕುಳಿತು ನೋಡಿದೆವು. ನೋಡಿದ ಮೇಲೆ ನಮ್ಮ ಅಭಿಪ್ರಾಯ ಇಷ್ಟು: ನಮ್ಮಂಥ ವಲಸೆಯ ಕುಟುಂಬಗಳ ಮಕ್ಕಳಿಗೆ ಹೇಳಲೆಂದೇ ಬರೆದಂತಿರುವ ಕಥೆಯೊಂದನ್ನು ಹುಡುಗಿ ತಾನಾಗಿ ಹುಡುಕಿಕೊಂಡಿದ್ದಳು. ಅದನ್ನು ಸಂಘಕ್ಕೆ ತಂದು ಒಪ್ಪಿಸಿದರೆ ನಾವು ನಕ್ಕು ಕಳಿಸಿದೆವು.

'ಸ್ಟಾರ್ ಟ್ರೆಕ್' ಹೊಸದೇನೂ ಅಲ್ಲ. ಜೀನ್ ರಾಡನ್‌ಬೆರಿ ಎಂಬವರು ಕಲ್ಪಿಸಿದ ಈ ಧಾರಾವಾಹಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ೧೯೬೬ರ ಸೆಪ್ಟೆಂಬರ್ ೮ರಂದು ಆರಂಭವಾಗಿ ೧೯೬೯ರ ಜೂನ್ ೩ಕ್ಕೆ ಮುಗಿಯಿತು. ಒಟ್ಟು ೭೯ ಕಂತುಗಳು. ಕೊನೆಯ ಕಂತು ಬಂದ ಏಳು ವಾರಗಳೊಳಗೆ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ. ನಮ್ಮಲ್ಲಿ ೧೯೮೦ರ ದಶಕದಲ್ಲಿ ದೂರದರ್ಶನವು ಇದನ್ನು ಭಾನುವಾರ ಬೆಳಿಗ್ಗೆ ತೋರಿಸುತ್ತಿತ್ತು. ಒಂದು ವಠಾರಕ್ಕೆ ಒಂದೋ ಎರಡೋ ಟೀವಿ ಇದ್ದ ಕಾಲ. ಎಣ್ಣೆಸ್ನಾನ ಅರ್ಧಕ್ಕೆ ಬಿಟ್ಟು ಓಡಿಬಂದ ಹುಡುಗರು ಪರರ ಮನೆಯ ಹೊಸ್ತಿಲಲ್ಲಿ ಕುಳಿತು, ಇಂಗ್ಲಿಷು ಕಾಲುಭಾಗ ತಿಳಿದು ಮುಕ್ಕಾಲು ಊಹಿಸಿ ನೋಡಿದ ಧಾರಾವಾಹಿ ಇದು. ಹಾಗೆ ನೋಡಿದವರಲ್ಲಿ ನಮ್ಮ ಸಂಘದ ಇಂದಿನ ಪದಾಧಿಕಾರಿಗಳೇ ಕೆಲವರಿದ್ದಾರೆ. ನಗುವಾಗ ಅದು ಅವರಿಗೆ ನೆನಪಾಗಲಿಲ್ಲ.

ಕಥೆಯ ಹಂದರ ಸರಳ. ಮೂರು ಶತಮಾನಗಳ ಮುಂದಿನ ಕಾಲ. 'ಎಂಟರ್‌ಪ್ರೈಸ್' ಎಂಬ ಗಗನನೌಕೆ ಸುಮಾರು ೪೩೦ ಮಂದಿಯನ್ನು ಹೊತ್ತು ಐದು ವರ್ಷಗಳ ಶೋಧಯಾತ್ರೆಗೆ ಹೊರಟಿದೆ. ನಾಯಕ ಕಿರ್ಕ್ ಅಮೆರಿಕದವನು. ಉಪನಾಯಕ ಸ್ಪಾಕ್, ವಲ್ಕನ್ ಎಂಬ ಗ್ರಹದ ತಂದೆಗೂ ಭೂಮಿಯ ತಾಯಿಗೂ ಹುಟ್ಟಿದವನು. ವೈದ್ಯ ಮೆಕಾಯ್. ಯಂತ್ರಗಳ ಉಸ್ತುವಾರಿ ಸ್ಕಾಟ್ಲೆಂಡಿನ ಸ್ಕಾಟಿಯದು. ಸಂದೇಶಗಳ ಹೊಣೆ ಆಫ್ರಿಕಾದ ಹೆಂಗಸು ಉಹುರಾಳದು. ಚುಕ್ಕಾಣಿ ಏಷ್ಯಾ ಮೂಲದ ಸುಲುವಿನ ಕೈಯಲ್ಲಿ. ಎರಡನೆಯ ವರ್ಷದಿಂದ ಅವನ ಪಕ್ಕದಲ್ಲಿ ರಷ್ಯದ ಚೆಕಾಫ್. ಎಲ್ಲರೂ ಹುಟ್ಟಿದೂರು ಬಿಟ್ಟವರು; ಎಲ್ಲರಿಗೂ ಅದೇ ಮನೆ, ಅದೇ ಕಚೇರಿ. ಇಂಥ ಬಾಳನ್ನು ನಾವು ಬೇರೆಲ್ಲೋ ನೋಡಿದ್ದೇವೆ ಎನಿಸಿದರೆ, ಓದುಗರು ತಮ್ಮ ಕಾಲೋನಿಯ ಅಂಚೆಪೆಟ್ಟಿಗೆಗಳ ಮೇಲಿನ ಹೆಸರುಗಳನ್ನು ಒಮ್ಮೆ ಓದಿ ನೋಡಬಹುದು.

ಈಗ ಆಕ್ಷೇಪಗಳಿಗೆ ಬರೋಣ. ಸ್ಪರ್ಧೆಯ ನಂತರ ಚಹಾ ಕುಡಿಯುವಾಗ ನಮ್ಮ ಕಿವಿಗೆ ಬಿದ್ದವು ಮುಖ್ಯವಾಗಿ ಎರಡು.

ಮೊದಲನೆಯದು: ಇದೆಲ್ಲ ಯಂತ್ರಗಳ ಆಟ, ಮಕ್ಕಳಾಟ; ಬುದ್ಧಿಗೆ ಇದರಲ್ಲಿ ಏನಿದೆ? ಹೀಗೆ ಹೇಳುವವರು ಧಾರಾವಾಹಿಯನ್ನು ನೋಡಿಲ್ಲ. ನೋಡಿದ್ದರೆ, ಅದರ ಯಂತ್ರಗಳು ಎಷ್ಟು ಬಡವಾದವು ಎಂಬುದು ಮೊದಲು ಕಾಣುತ್ತಿತ್ತು. ಬಂಡೆಗಳು ಹಗುರಾದ ಕೃತಕ ಬಂಡೆಗಳು. ಎತ್ತಿ ಎಸೆದಾಗ ಗೊತ್ತಾಗುತ್ತದೆ. ನೌಕೆಯಲ್ಲಿ ನಿಂತವರು ಮಿನುಗಿ ಮಾಯವಾಗಿ ಗ್ರಹದ ಮೇಲೆ ಮೂಡುವ ಆ ಪ್ರಸಿದ್ಧ ಉಪಾಯವಿದೆಯಲ್ಲ, ಅದು ಹುಟ್ಟಿದ್ದೇ ಹಣದ ಅಡಚಣೆಯಿಂದ: ವಾರವಾರವೂ ನೌಕೆಯನ್ನು ಗ್ರಹದ ಮೇಲೆ ಇಳಿಸಿ ತೋರಿಸುವಷ್ಟು ಹಣ ಅವರಲ್ಲಿರಲಿಲ್ಲ. ಇಂದಿನ ಚಿತ್ರಗಳ ಗಣಕಯಂತ್ರದ ಬೆಡಗನ್ನು ಕಂಡ ಹದಿಮೂರರ ಹುಡುಗಿ ಈ ರಟ್ಟಿನ ಗೋಡೆಗಳಿಗೆ ಮರುಳಾದಳೆಂದು ನಂಬುವುದು ಹೇಗೆ? ಅವಳನ್ನು ಸೆಳೆದದ್ದು ಬೇರೆಯೇ ಇರಬೇಕು.

ಉದಾಹರಣೆಗೆ ೧೯೬೭ರ ಮಾರ್ಚಿಯಲ್ಲಿ ಬಂದ 'ದಿ ಡೆವಿಲ್ ಇನ್ ದ ಡಾರ್ಕ್' ಎಂಬ ಕಂತನ್ನು ತೆಗೆದುಕೊಳ್ಳಿ. ಯಾವುದೋ ಗ್ರಹದ ಗಣಿಯಲ್ಲಿ ಕೆಲಸಗಾರರು ಒಬ್ಬರಾದ ಮೇಲೊಬ್ಬರು ಸುಟ್ಟು ಸಾಯುತ್ತಿದ್ದಾರೆ. ಕಲ್ಲನ್ನೇ ಕರಗಿಸಿ ಸುರಂಗ ಕೊರೆಯುವ ಒಂದು ಪ್ರಾಣಿ ಅವರನ್ನು ಕೊಲ್ಲುತ್ತಿದೆ. ಗಣಿಯವರು ದೊಣ್ಣೆ ಬಂದೂಕು ಹಿಡಿದು ಹೊರಟಿದ್ದಾರೆ. ಸ್ಪಾಕ್ ಆ ಪ್ರಾಣಿಯ ಮೈಮೇಲೆ ಕೈಯಿಟ್ಟು ಅದರ ಮನಸ್ಸನ್ನು ಓದುತ್ತಾನೆ. ಆಗ ತಿಳಿಯುತ್ತದೆ: ಗಣಿಗಾರರು ಬೆಲೆಯಿಲ್ಲದ ಉಂಡೆಕಲ್ಲುಗಳೆಂದು ಒಡೆದು ಬಿಸಾಡಿದ್ದವು ಅದರ ಮೊಟ್ಟೆಗಳು. ಕೊಲ್ಲುತ್ತಿದ್ದುದು ತಾಯಿ. ಕೊನೆಗೆ ಯಾರೂ ಯಾರನ್ನೂ ಕೊಲ್ಲುವುದಿಲ್ಲ. ಮರಿಗಳು ಸುರಂಗ ಕೊರೆಯುತ್ತವೆ, ಮನುಷ್ಯರು ಅದಿರು ತೆಗೆಯುತ್ತಾರೆ. ರಾಕ್ಷಸನ ಕಡೆಯ ಕಥೆಯನ್ನೂ ಕೇಳಬೇಕು ಎಂಬ ಈ ಮಾತು ಮಕ್ಕಳಾಟವಾದರೆ, ದೊಡ್ಡವರ ಆಟ ಯಾವುದೆಂದು ಆ ಹಿರಿಯರೇ ಹೇಳಲಿ.

ಎರಡನೆಯ ಆಕ್ಷೇಪ: ಇದು ಅಮೆರಿಕದವರ ಸ್ವಪ್ರಚಾರ, ನಾಯಕ ಯಾವಾಗಲೂ ಅವರವನೇ. ಇದರಲ್ಲಿ ನಿಜವಿದೆ, ಒಪ್ಪೋಣ. ಹೆಂಗಸರಿಗೆ ಅಲ್ಲಿ ಮೊಣಕಾಲಿಗಿಂತ ಎಷ್ಟೋ ಮೇಲಿನ ಲಂಗ ತೊಡಿಸಿದ್ದಾರೆ. ಮೊದಲು ತಯಾರಾದ ಮಾದರಿ ಕಂತಿನಲ್ಲಿ ಉಪನಾಯಕಿಯಾಗಿ ಒಬ್ಬ ಹೆಂಗಸಿದ್ದಳು. ಇದು ಬುದ್ಧಿಗೆ ಬಹಳ ಕೆಲಸ ಕೊಡುವ ಕಥೆ ಎಂದು ವಾಹಿನಿಯವರು ಆ ಕಂತನ್ನೇ ತಿರಸ್ಕರಿಸಿದರು. ಎರಡನೆಯ ಮಾದರಿ ಕಂತಿನಲ್ಲಿ ಅವಳು ಇರಲಿಲ್ಲ. ಭಾರತದ ವಿಷಯ ಕೇಳುವುದೇ ಬೇಡ. ೧೯೬೭ರ ಫೆಬ್ರವರಿಯ 'ಸ್ಪೇಸ್ ಸೀಡ್' ಕಂತಿನಲ್ಲಿ ಖಾನ್ ನೂನಿಯನ್ ಸಿಂಗ್ ಎಂಬ ಖಳ ಬರುತ್ತಾನೆ. ಅವನು ಉತ್ತರ ಭಾರತದವನಂತೆ, ಬಹುಶಃ ಸಿಖ್ಖನಂತೆ! ಹೆಸರೋ ಮೂರು ಊರಿನ ಹೊಲಿಗೆ. ಮುಖದ ಮೇಲೆ ಗಡ್ಡದ ಸುಳಿವಿಲ್ಲ. ಪಾತ್ರ ಮಾಡಿದ ರಿಕಾರ್ಡೊ ಮೊಂಟಲ್ಬಾನ್ ಮೆಕ್ಸಿಕೋದವರು. ನಮ್ಮವರೊಬ್ಬರು ಈ ನೌಕೆ ಹತ್ತಲು ೧೯೭೯ರ ಚಲನಚಿತ್ರದವರೆಗೆ ಕಾಯಬೇಕಾಯಿತು: ಮುಂಬಯಿಯಲ್ಲಿ ಹುಟ್ಟಿದ, ೧೯೬೫ರ ಮಿಸ್ ಇಂಡಿಯಾ ಪರ್ಸಿಸ್ ಖಂಬಾಟಾ. ಅವರು ಕೂಡ ಪಾತ್ರಕ್ಕಾಗಿ ತಲೆಯನ್ನು ನುಣ್ಣಗೆ ಬೋಳಿಸಿಕೊಳ್ಳಬೇಕಾಯಿತು, ಮತ್ತು ಆ ಪಾತ್ರ ಭಾರತದವಳದಲ್ಲ, ಬೇರೊಂದು ಗ್ರಹದವಳದು.

ಇಷ್ಟೆಲ್ಲ ಕುಂದು ಒಪ್ಪಿಯೂ ನಾವು ಕೇಳುವುದು ಒಂದೇ. ೧೯೬೬ರಲ್ಲಿ ಅಮೆರಿಕದ ಹಲವು ಊರುಗಳಲ್ಲಿ ಕರಿಯರ ಹಕ್ಕಿಗಾಗಿ ರಸ್ತೆಯಲ್ಲಿ ಹೋರಾಟ ನಡೆಯುತ್ತಿತ್ತು, ವಿಯೆಟ್ನಾಮಿನಲ್ಲಿ ಯುದ್ಧ, ರಷ್ಯದೊಂದಿಗೆ ಬದ್ಧದ್ವೇಷ. ಅದೇ ಹೊತ್ತಿನಲ್ಲಿ ಕರಿಯ ಹೆಂಗಸನ್ನೂ, ಏಷ್ಯಾದವನನ್ನೂ, ಸ್ವಲ್ಪ ಕಾಲಕ್ಕೆ ರಷ್ಯದವನನ್ನೂ ಒಂದೇ ಕೋಣೆಯಲ್ಲಿ ಅಧಿಕಾರಿಗಳಾಗಿ ಕೂರಿಸಿ, ಇವರು ಇಲ್ಲಿ ಏಕಿದ್ದಾರೆ ಎಂಬ ಪ್ರಶ್ನೆಯೇ ಏಳದಂತೆ ಕಥೆ ನಡೆಸಿದ್ದು ಸಣ್ಣ ಕೆಲಸವೆ? ಸುಲುವಿನ ಪಾತ್ರ ಮಾಡಿದ ಜಾರ್ಜ್ ಟಕೇ ಲಾಸ್ ಏಂಜಲೀಸಿನಲ್ಲೇ ಹುಟ್ಟಿದವರು. ಆದರೂ ಎರಡನೆಯ ಮಹಾಯುದ್ಧದ ಕಾಲದಲ್ಲಿ, ಜಪಾನೀ ಮೂಲದವರು ಎಂಬ ಒಂದೇ ಕಾರಣಕ್ಕೆ, ಐದು ವರ್ಷದ ಮಗುವಾಗಿದ್ದಾಗ ಮನೆಮಂದಿಯೊಂದಿಗೆ ಮುಳ್ಳುತಂತಿಯ ಶಿಬಿರಕ್ಕೆ ತಳ್ಳಲ್ಪಟ್ಟವರು. ಅಂಥವರ ಕೈಗೆ ನೌಕೆಯ ಚುಕ್ಕಾಣಿ ಕೊಟ್ಟದ್ದು ಎಂಥ ಸ್ವಪ್ರಚಾರ?

ಉಹುರಾಳ ಪಾತ್ರಧಾರಿ ನಿಶೆಲ್ ನಿಕಲ್ಸ್, ಮೊದಲ ವರ್ಷದ ಕೊನೆಗೆ, ಮಾತು ಕಡಿಮೆಯಿರುವ ಈ ಪಾತ್ರ ಸಾಕೆಂದು ನಾಟಕರಂಗಕ್ಕೆ ಮರಳಲು ಹೊರಟಿದ್ದರು. ಆಗ ಒಂದು ಸಮಾರಂಭದಲ್ಲಿ ತಮ್ಮ ಅಭಿಮಾನಿಯೆಂದು ಬಂದು ಮಾತಾಡಿಸಿದವರು ಮಾರ್ಟಿನ್ ಲೂಥರ್ ಕಿಂಗ್. ಬಿಡಕೂಡದೆಂದು ಅವರೇ ಹೇಳಿದರು ಎಂಬುದನ್ನು ನಿಕಲ್ಸ್ ಮುಂದೆ ಎಷ್ಟೋ ಬಾರಿ ಹೇಳಿಕೊಂಡರು. ಅವರು ಬಿಡಲಿಲ್ಲ. ೧೯೭೭ರಲ್ಲಿ ನಾಸಾ ಸಂಸ್ಥೆ ಹೆಂಗಸರನ್ನೂ ಬಿಳಿಯರಲ್ಲದವರನ್ನೂ ಗಗನಯಾತ್ರಿಗಳಾಗಲು ಆಹ್ವಾನಿಸುವ ಕೆಲಸಕ್ಕೆ ಅವರನ್ನೇ ಕರೆದುಕೊಂಡಿತು. ಮರುವರ್ಷ ಆಯ್ಕೆಯಾದ ತಂಡದಲ್ಲಿ ಸ್ಯಾಲಿ ರೈಡ್ ಇದ್ದರು, ಗಯಾನ್ ಬ್ಲೂಫರ್ಡ್ ಇದ್ದರು. ೧೯೯೨ರಲ್ಲಿ ಅಂತರಿಕ್ಷಕ್ಕೆ ಹೋದ ಮೊದಲ ಕರಿಯ ಮಹಿಳೆ ಮೇ ಜೆಮಿಸನ್, ಚಿಕ್ಕಂದಿನಲ್ಲಿ ಉಹುರಾಳನ್ನು ಟೀವಿಯಲ್ಲಿ ನೋಡಿ ಬೆಳೆದವರು. ತೆರೆಯ ಮೇಲೆ ತನ್ನಂಥವರನ್ನು ಕಂಡ ಮಗು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇನ್ನು ಸ್ಪಾಕನ ಮಾತು. ಹುಡುಗಿ ಹೇಳಹೊರಟದ್ದು ಅವನನ್ನೇ ಕುರಿತು.

ಈ ಸ್ಪಾಕನ ಚೂಪು ಕಿವಿಗಳನ್ನು ಕಂಡು ಮೊದಲು ಹೆದರಿದವರು ಪ್ರೇಕ್ಷಕರಲ್ಲ, ವಾಹಿನಿಯ ವ್ಯಾಪಾರಿಗಳು. ಜನ ಅವನನ್ನು ಸೈತಾನ ಎಂದುಕೊಂಡಾರು ಎಂದು ಅಂಜಿ, ಧಾರಾವಾಹಿಯನ್ನು ಮಾರಲು ಅಚ್ಚುಹಾಕಿಸಿದ ಪುಸ್ತಿಕೆಯಲ್ಲಿ ಅವನ ಕಿವಿಯ ತುದಿಯನ್ನೂ ಓರೆ ಹುಬ್ಬನ್ನೂ ತಿದ್ದಿ ಅಳಿಸಿದರು. ಪ್ರೇಕ್ಷಕರಾದರೋ ಎಲ್ಲರಿಗಿಂತ ಹೆಚ್ಚು ಅವನನ್ನೇ ಮೆಚ್ಚಿಕೊಂಡರು. ಕಿವಿ ಕತ್ತರಿಸಿ ಅಚ್ಚುಕಟ್ಟು ಮಾಡುವ ಈ ಚಟ ವ್ಯಾಪಾರಿಗಳಿಗಷ್ಟೇ ಇದೆ ಎಂದು ನಾವು ತಿಳಿದಿದ್ದೆವು. ಭಾಷಣ ಸ್ಪರ್ಧೆಯ ತೀರ್ಪುಗಾರರಿಗೂ ಇದೆ.

ಸ್ಪಾಕನ ಮನೆಯ ಕಥೆ ಬರುವುದು ೧೯೬೭ರ ನವೆಂಬರಿನ 'ಜರ್ನಿ ಟು ಬೇಬಲ್' ಎಂಬ ಕಂತಿನಲ್ಲಿ. ಬರೆದವರು ಡಿ. ಸಿ. ಫಾಂಟಾನಾ ಎಂಬ ಲೇಖಕಿ. ಸ್ಪಾಕನ ತಂದೆ ಸಾರೆಕ್ ರಾಯಭಾರಿ. ಮಗ ತಮ್ಮ ಗ್ರಹದ ವಿಜ್ಞಾನ ಪೀಠವನ್ನು ಸೇರಬೇಕೆಂದಿದ್ದವನು. ಮಗ ನೌಕಾದಳ ಸೇರಿದ. ಅಂದಿನಿಂದ ೧೮ ವರ್ಷ ತಂದೆ ಮಗನೊಂದಿಗೆ ತಂದೆಯಾಗಿ ಮಾತಾಡಿಲ್ಲ. ಈಗ ಇಬ್ಬರೂ ಒಂದೇ ನೌಕೆಯಲ್ಲಿದ್ದಾರೆ. ನಡುವೆ ನಿಂತಿರುವವಳು ತಾಯಿ ಅಮಾಂಡಾ, ಭೂಮಿಯವಳು. ಚಿಕ್ಕವನಿದ್ದಾಗ ವಲ್ಕನ್ನಿನ ಹುಡುಗರು ನೀನು ಅರೆಮನುಷ್ಯ, ನೀನು ನಮ್ಮವನಲ್ಲ ಎಂದು ಚುಡಾಯಿಸುತ್ತಿದ್ದುದನ್ನೂ, ಮಗು ಹೊರಗೆ ತೋರಿಸದೆ ಒಳಗೇ ಅತ್ತುದನ್ನೂ ಆ ತಾಯಿ ನೆನೆಯುತ್ತಾಳೆ. ಮಗ ಸರಿಯಾದ ಕೋರ್ಸು ಸೇರಲಿಲ್ಲವೆಂದು ಮಾತು ಬಿಟ್ಟ ತಂದೆ, ಎರಡೂ ಕಡೆ ಸಮಾಧಾನ ಹೇಳಿ ಸೋತ ತಾಯಿ! ಇದು ಯಾವ ಗ್ರಹದ ಕಥೆ ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ತಂದೆಗೆ ಹೃದಯದ ಶಸ್ತ್ರಚಿಕಿತ್ಸೆಯಾಗಬೇಕು. ರಕ್ತ ಬಹಳ ಬೇಕು. ಆ ಅಪರೂಪದ ಗುಂಪಿನ ರಕ್ತ ನೌಕೆಯಲ್ಲಿ ಇರುವುದು ಮಗನಲ್ಲಿ ಮಾತ್ರ. ವೈದ್ಯ ಮೊದಲು ಒಪ್ಪುವುದಿಲ್ಲ: ನಿನ್ನ ರಕ್ತದಲ್ಲಿ ಮನುಷ್ಯರ ಅಂಶ ಬೆರೆತಿದೆ, ಅದನ್ನು ಸೋಸಿ ತೆಗೆದರೆ ಉಳಿಯುವುದು ಸಾಲದು. ರಕ್ತ ಬೇಗ ಉತ್ಪತ್ತಿಯಾಗುವ ಔಷಧಿಯೊಂದನ್ನು ತನ್ನ ಮೇಲೆ ಪ್ರಯೋಗಿಸಲು ಸ್ಪಾಕ್ ಮುಂದೆ ಬರುತ್ತಾನೆ. ಅಷ್ಟರಲ್ಲಿ ನಾಯಕ ಕಿರ್ಕ್ ಇರಿತಕ್ಕೊಳಗಾಗಿ ಮಲಗುತ್ತಾನೆ. ನೌಕೆಯ ಹೊಣೆ ಬಿಟ್ಟು ಬರಲಾರೆನೆಂದು ಸ್ಪಾಕ್ ಹಟ ಹಿಡಿಯುತ್ತಾನೆ. ತಾಯಿ ಅವನ ಕೆನ್ನೆಗೆ ಹೊಡೆಯುತ್ತಾಳೆ. ಕಿರ್ಕ್ ನೋವು ನುಂಗಿ ಎದ್ದುಬಂದು, ತನಗೇನೂ ಆಗಿಲ್ಲವೆಂದು ನಟಿಸಿ ಅವನನ್ನು ಬಿಡುಗಡೆ ಮಾಡುತ್ತಾನೆ. ಕೊನೆಗೆ ತಂದೆಯ ಜೀವ ಉಳಿಯುವುದು ಬೆರಕೆಯೆಂದು ಬೇಡವಾಗಿದ್ದ ಆ ಮಗನ ರಕ್ತದಿಂದಲೇ. 'ಅರ್ಧ' ಎಂಬ ಪದವನ್ನು ಬಾಯಿಗೆ ತರುವವರು ಈ ಕಂತನ್ನು ಒಮ್ಮೆ ನೋಡಬೇಕು.

೧೯೬೬ರ ಡಿಸೆಂಬರಿನ 'ಬ್ಯಾಲೆನ್ಸ್ ಆಫ್ ಟೆರರ್' ಕಂತಿನಲ್ಲಿ ಇನ್ನೊಂದು ಬಗೆಯ ಕಷ್ಟ. ಯಾರೂ ಕಣ್ಣಿಂದ ಕಂಡಿರದ ಶತ್ರುವಿನ ಮುಖ ಮೊದಲ ಬಾರಿಗೆ ಪರದೆಯ ಮೇಲೆ ಮೂಡುತ್ತದೆ. ಅದು ಥೇಟು ಸ್ಪಾಕನ ಕುಲದವರ ಮುಖ. ತಕ್ಷಣ ನೌಕೆಯ ಅಧಿಕಾರಿಯೊಬ್ಬ ಸ್ಪಾಕನ ಮೇಲೆ ಸಂಶಯ ಕಾರತೊಡಗುತ್ತಾನೆ. ಮತಭೇದದ ವಿಷವನ್ನು ನಿನ್ನ ಕೋಣೆಯಲ್ಲೇ ಇಟ್ಟು ಬಾ, ಇಲ್ಲಿ ಅದಕ್ಕೆ ಜಾಗವಿಲ್ಲ ಎಂಬರ್ಥದಲ್ಲಿ ಕಿರ್ಕ್ ಅವನನ್ನು ಗದರಿಸುತ್ತಾನೆ. ಕೊನೆಗೆ ಆ ಅಧಿಕಾರಿಯ ಪ್ರಾಣ ಉಳಿಸುವವನು ಸ್ಪಾಕನೇ. ನದಿ ನೀರಿನ ಜಗಳವೋ ಗಡಿಯ ಜಗಳವೋ ಕಾವೇರಿದ ದಿನಗಳಲ್ಲಿ ಪರರಾಜ್ಯದ ಬಸ್ಸಿನಲ್ಲಿ ಕುಳಿತು, ಫೋನಿನಲ್ಲಿ ಕನ್ನಡ ಮಾತಾಡಲೋ ಬೇಡವೋ ಎಂದು ದನಿ ತಗ್ಗಿಸಿದ ನೆನಪು ನಮ್ಮಲ್ಲಿ ಅನೇಕರಿಗೆ ಇದೆ. ಸ್ಪಾಕನ ಆ ಹೊತ್ತಿನ ಮೌನ ಏನೆಂದು ನಮಗಲ್ಲದೆ ಇನ್ನಾರಿಗೆ ತಿಳಿಯಬೇಕು?

ಸ್ಪಾಕನಾಗಿ ನಟಿಸಿದ ಲೆನರ್ಡ್ ನಿಮಾಯ್ ತಾವೇ ವಲಸೆಗಾರರ ಮಗ. ಉಕ್ರೇನಿನಿಂದ ಬಾಸ್ಟನ್ ನಗರಕ್ಕೆ ಬಂದ ಯಹೂದಿ ದಂಪತಿಗಳಿಗೆ ೧೯೩೧ರಲ್ಲಿ ಹುಟ್ಟಿದವರು. ತಂದೆ ಕ್ಷೌರದ ಅಂಗಡಿ ನಡೆಸುತ್ತಿದ್ದರು. ಮನೆಯ ಹಿರಿಯರ ಮಾತು ಯಿದ್ದಿಶ್. ೧೯೬೭ರ 'ಅಮೋಕ್ ಟೈಮ್' ಕಂತಿನಲ್ಲಿ ವಲ್ಕನ್ನರು ಪರಸ್ಪರ ವಂದಿಸುವ ಸನ್ನಿವೇಶ ಬಂದಾಗ, ಅದಕ್ಕೊಂದು ಮುದ್ರೆ ಬೇಕೆಂದು ಅವರು ಯೋಚಿಸಿದರು. ಬಾಲ್ಯದಲ್ಲಿ ಸಿನಗಾಗಿನಲ್ಲಿ ಪುರೋಹಿತರು ಆಶೀರ್ವದಿಸುವಾಗ ನೋಡಬಾರದೆಂದು ಹಿರಿಯರು ಹೇಳಿದ್ದರೂ ಕದ್ದು ನೋಡಿದ್ದ ಕೈಮುದ್ರೆ ನೆನಪಿಗೆ ಬಂತು: ಅಂಗೈ ಎತ್ತಿ, ನಡುಬೆರಳಿಗೂ ಉಂಗುರಬೆರಳಿಗೂ ಮಧ್ಯೆ ಅಂತರ ಬಿಟ್ಟು, ಹೆಬ್ಬೆರಳು ಚಾಚಿದ ಮುದ್ರೆ. ಅದನ್ನೇ ಇಟ್ಟರು. ಇಂದು ಜಗತ್ತಿನ ಯಾವ ಮೂಲೆಯ ಮಗುವನ್ನು ಕೇಳಿದರೂ ಆ ಮುದ್ರೆ ಹಿಡಿದು ತೋರಿಸೀತು. ವಲಸೆ ಬಂದವರ ಮಗನೊಬ್ಬ ಅಜ್ಜನ ಕಾಲದ ಆಚಾರವನ್ನು ಇಪ್ಪತ್ತಮೂರನೆಯ ಶತಮಾನಕ್ಕೆ ಹೀಗೆ ದಾಟಿಸಿದ. ಸಂಸ್ಕೃತಿ ಉಳಿಸುವ ಬಗ್ಗೆ ನಾವು ಎಷ್ಟು ಠರಾವು ಪಾಸು ಮಾಡಿದ್ದೇವೆ! ಇಂಥ ಒಂದು ಕೆಲಸ ನಮ್ಮ ಯಾವ ಠರಾವಿನಿಂದ ಆಗಿದೆ?

ಇದೇ ನಿಮಾಯ್ ೧೯೭೫ರಲ್ಲಿ ಬರೆದ ಆತ್ಮಕಥೆಗೆ 'ನಾನು ಸ್ಪಾಕ್ ಅಲ್ಲ' ಎಂಬರ್ಥದ ಹೆಸರಿಟ್ಟರು. ಇಪ್ಪತ್ತು ವರ್ಷಗಳ ನಂತರ, ೧೯೯೫ರಲ್ಲಿ, ಬರೆದ ಪುಸ್ತಕಕ್ಕೆ 'ನಾನೇ ಸ್ಪಾಕ್' ಎಂಬರ್ಥದ ಹೆಸರು. ನಮ್ಮ ಮಕ್ಕಳೂ ಹದಿನೈದಕ್ಕೆ 'ನಾನು ಕನ್ನಡದವನಲ್ಲ' ಎನ್ನುತ್ತಾರೆ. ಮೂವತ್ತೈದಕ್ಕೆ ಮರಳಿ ಬರಲು ಬಾಗಿಲು ತೆರೆದಿರಬೇಕಷ್ಟೆ. ಅದನ್ನು ಹದಿಮೂರಕ್ಕೇ ಹಾಕಿಬಿಟ್ಟರೆ ಬರುವವರು ಎಲ್ಲಿಂದ ಬರಬೇಕು?

ಭಾಷೆಯ ಬಗ್ಗೆ ಕೊನೆಯ ಒಂದು ಮಾತು, ಅದೂ ಈ ಧಾರಾವಾಹಿಯಿಂದಲೇ. ಉಹುರಾ ಎಂಬ ಹೆಸರು ಬಂದದ್ದು 'ಉಹುರು' ಎಂಬ ಸ್ವಾಹಿಲಿ ಪದದಿಂದ, ಅರ್ಥ ಸ್ವಾತಂತ್ರ್ಯ. ೧೯೬೭ರ ಸೆಪ್ಟೆಂಬರಿನ 'ದಿ ಚೇಂಜ್‌ಲಿಂಗ್' ಕಂತಿನಲ್ಲಿ ಒಂದು ಯಂತ್ರ ಅವಳ ನೆನಪನ್ನು ಪೂರ್ತಿ ಅಳಿಸಿಹಾಕುತ್ತದೆ. ಅವಳಿಗೆ ಮತ್ತೆ ಅಕ್ಷರಾಭ್ಯಾಸ ಮಾಡಿಸಬೇಕು. ಇಂಗ್ಲಿಷಿನ ಪಾಠ ಓದುತ್ತ ತಡವರಿಸಿದಾಗ ಅವಳ ಬಾಯಿಂದ ಬರುವುದು ಸ್ವಾಹಿಲಿ. ದಾದಿ ಅವಳನ್ನು ಇಂಗ್ಲಿಷಿಗೆ ಮರಳಿ ಕರೆಯಬೇಕಾಗುತ್ತದೆ. ಅವಳು ತಾಯ್ನುಡಿಗೆ ಜಾರಿದಾಗ ಆ ಕೋಣೆಯಲ್ಲಿ ಯಾರೂ ಗಂಟೆ ಬಾರಿಸುವುದಿಲ್ಲ.

ನಮ್ಮ ಹುಡುಗಿಗೆ ಅಂಕ ಕಳೆದದ್ದು 'ಆಯಿ', 'ಬರೋಬರ್' ಎಂಬ ಎರಡು ಪದಗಳಿಗಾಗಿ ಎಂದು ತಿಳಿಯಿತು. ಉತ್ತರ ಕನ್ನಡ ಜಿಲ್ಲೆಯ ಹವ್ಯಕರ ಮನೆಗಳಲ್ಲಿ ತಾಯಿಯನ್ನು ಕರೆಯುವುದು 'ಆಯಿ' ಎಂದೇ. ಅವರಿಗೆ ಹೋಗಿ ನೀವು ಅರ್ಧ ಕನ್ನಡದವರು ಎಂದು ಹೇಳುವ ಧೈರ್ಯ ತೀರ್ಪುಗಾರರಿಗಿದೆಯೆ? ಧಾರವಾಡದ ಸಂತೆಯಲ್ಲಿ 'ಬರೋಬ್ಬರಿ' ಇಲ್ಲದೆ ತಕ್ಕಡಿಯೇ ಏಳದು. ಮೈಸೂರಿನ ಕನ್ನಡವೊಂದೇ ಕನ್ನಡ, ಮಂಗಳೂರಿನದೊಂದೇ ಶುದ್ಧ ಎಂಬ ಜಗಳ ನಮ್ಮ ಕಾರ್ಯಕಾರಿ ಸಮಿತಿಯ ಚುನಾವಣೆಯವರೆಗೂ ಬರುತ್ತದೆ. ೧೯೬೯ರ ಜನವರಿಯ ಒಂದು ಕಂತಿನಲ್ಲಿ ಮುಖದ ಒಂದು ಪಕ್ಕ ಕಪ್ಪು, ಇನ್ನೊಂದು ಪಕ್ಕ ಬಿಳುಪು ಇರುವ ಇಬ್ಬರು ಹೊಡೆದಾಡುತ್ತಾರೆ. ಕಿರ್ಕನ ಕಣ್ಣಿಗೆ ಇಬ್ಬರೂ ಒಂದೇ. ಅವರಿಗೆ ಮಾತ್ರ ಆಕಾಶಭೂಮಿಯ ಅಂತರ: ಒಬ್ಬನಿಗೆ ಬಲಭಾಗ ಕಪ್ಪು, ಇನ್ನೊಬ್ಬನಿಗೆ ಎಡಭಾಗ! ಇದೇ ದ್ವೇಷದಲ್ಲಿ ಅವರ ಗ್ರಹದವರೆಲ್ಲ ಸತ್ತು ಹೋಗಿದ್ದಾರೆ. ಉಳಿದ ಇಬ್ಬರೂ ಆ ಸುಟ್ಟ ಊರಿಗೇ ಇಳಿದು ಅಟ್ಟಾಡಿಸಿಕೊಳ್ಳುತ್ತಾರೆ. ನೋಡುವಾಗ ನಮಗೆ ನಮ್ಮ ವಾರ್ಷಿಕ ಮಹಾಸಭೆ ನೆನಪಾಯಿತು ಎಂದರೆ ಯಾರೂ ತಪ್ಪು ತಿಳಿಯಬಾರದು.

ವಿದೇಶದ ಸರಕನ್ನೆಲ್ಲ ತಲೆಯ ಮೇಲೆ ಹೊರಬೇಕೆಂದು ನಾವು ಹೇಳುತ್ತಿಲ್ಲ. ವಿಜ್ಞಾನ ಕಥೆ ಕನ್ನಡಕ್ಕೂ ಅಪರಿಚಿತವಲ್ಲ. ರಾಜಶೇಖರ ಭೂಸನೂರಮಠರು ಬರೆದದ್ದನ್ನು ನಮ್ಮ ವಾಚನಾಲಯದಲ್ಲಿ ಎಷ್ಟು ಮಂದಿ ಕೇಳಿ ಪಡೆದಿದ್ದಾರೆ? ಇರುವುದನ್ನು ಓದುವುದಿಲ್ಲ, ಮಕ್ಕಳು ಹುಡುಕಿ ತಂದದ್ದನ್ನು ಕೇಳುವುದಿಲ್ಲ, ಮೇಲೆ 'ಮಕ್ಕಳು ಸಂಘಕ್ಕೆ ಬರುವುದಿಲ್ಲ' ಎಂಬ ಗೋಳು! ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ೧೯೬೭-೬೮ರಲ್ಲಿ ಸ್ಟಾರ್ ಟ್ರೆಕ್ ನಿಂತುಹೋಗುತ್ತದೆ ಎಂಬ ಸುದ್ದಿ ಹಬ್ಬಿದಾಗ ಪ್ರೇಕ್ಷಕರು ರಾಶಿ ರಾಶಿ ಪತ್ರ ಬರೆದರು. ೧೯೬೮ರ ಮಾರ್ಚಿಯಲ್ಲಿ, ಧಾರಾವಾಹಿ ಮುಂದುವರಿಯುತ್ತದೆ ಎಂದು ವಾಹಿನಿ ತೆರೆಯ ಮೇಲೆಯೇ ಸಾರಬೇಕಾಯಿತು. ಒಂದು ಕಾಲ್ಪನಿಕ ನೌಕೆಗಾಗಿ ಅವರು ಅಷ್ಟು ಪತ್ರ ಬರೆದರು. ನಮ್ಮ ನಡುವಿನಿಂದ ಎದ್ದುಹೋದ ಒಂದು ಮಗುವಿಗಾಗಿ ಇನ್ನೂರು ಕುಟುಂಬಗಳಿಂದ ಒಂದು ಪತ್ರವೂ ಬರಲಿಲ್ಲ.

ಆದ್ದರಿಂದ ಮೂರು ಬೇಡಿಕೆಗಳನ್ನು ಸಮಿತಿಯ ಮುಂದಿಡುತ್ತಿದ್ದೇವೆ. ಒಂದು: ಮಕ್ಕಳ ಸ್ಪರ್ಧೆಗಳಲ್ಲಿ ಪರಭಾಷೆಯ ಪದಕ್ಕೆ ಅಂಕ ಕಳೆಯುವ ನಿಯಮವನ್ನು ಕೈಬಿಡಬೇಕು, ಹೇಳಿದ ವಿಷಯಕ್ಕೆ, ತಾನಾಗಿ ಯೋಚಿಸ��ದ್ದಕ್ಕೆ ಅಂಕ ಕೊಡಬೇಕು. ಎರಡು: ಮುಂದಿನ ತಿಂಗಳ ಯಾವುದಾದರೊಂದು ಭಾನುವಾರ 'ಜರ್ನಿ ಟು ಬೇಬಲ್' ಕಂತನ್ನು ಸಂಘದ ಸಭಾಂಗಣದಲ್ಲಿ ತೋರಿಸಬೇಕು, ತಂದೆತಾಯಂದಿರೂ ಬರಬೇಕು, ಆಮೇಲಿನ ಚರ್ಚೆ ಕನ್ನಡದಲ್ಲಿ ನಡೆಯಬೇಕು, ಯಾರ ಮನೆಯ ಕನ್ನಡವಾದರೂ ಸರಿ. ಮೂರು: ಅಂದು ಆ ಹುಡುಗಿ ತನ್ನ ಭಾಷಣವನ್ನು ಪೂರ್ತಿ ಮಾಡಲಿ. ಅವಳನ್ನು ಕರೆಯಲು ಜವಾನನ ಕೈಯಲ್ಲಿ ಚೀಟಿ ಕಳಿಸುವುದು ಬೇಡ. ನಕ್ಕವರು ನಾವು, ನಾವೇ ಅವಳ ಮನೆಗೆ ಹೋಗಿ ಕರೆಯುತ್ತೇವೆ. ಜೊತೆಗೆ ಬರಲಿಚ್ಛಿಸುವವರು ಶನಿವಾರ ಸಂಜೆ ಆರಕ್ಕೆ ವಾಚನಾಲಯದ ಬಳಿ ಸೇರಬಹುದು.

ಇದನ್ನೊಪ್ಪದವರು ಧಾರಾಳವಾಗಿ ಬರೆಯಲಿ. ಒಂದಕ್ಷರ ಬಿಡದೆ ಅಚ್ಚು ಹಾಕುತ್ತೇವೆ. ಬರೆಯುವ ಮೊದಲು ಆ ಒಂದು ಕಂತನ್ನು ನೋಡಿರಬೇಕು ಎಂಬುದಷ್ಟೇ ನಮ್ಮ ಕರಾರು.